ಹಳೇ ಚೈನ್ ಸಾ ರಿಪೇರಿ: ಮಿಷನ್ ಹೆಸ್ರು ಬಿಡ್ರಿ, ನಂಬರ್ ಹುಡುಕ್ರಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮರ ಕೊಯ್ಯೋ ಮಿಷನ್ನಿಂದೇ, ಅದೂ ಹಳೇವು. ತೋಟ ಕ್ಲೀನ್ ಮಾಡೋ ಟೈಮು ಬಂತಲ್ಲ, ಅಟ್ಟದ ಮೇಲಿದ್ದದ್ದೆಲ್ಲಾ ಕೆಳಗೆ ಇಳೀತಾ ಇರ್ಬೇಕು. ಹಂಗಾಗಿ ಪಂಪ್‌ಸೆಟ್ಟು, ಪವರ್ ಟಿಲ್ಲರ್ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಮೊದ್ಲು ಇವನ್ನ ಮುಗಿಸ್ತೀನಿ.

ಪ್ರಶ್ನೆ: ನಮ್ಮ ತಂದೆ ಕಾಲದ್ದು ಒಂದು ದೊಡ್ಡ ಚೈನ್ ಸಾ ಐತೆ, ಟಿಂಬರ್ ಕಂಟ್ರಾಕ್ಟರ್ ಒಬ್ರ ಹತ್ರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಸ್ಟಿಕ್ಕರೆಲ್ಲಾ ಹೋಗಿ ಯಾವ ಮಾಡೆಲ್ ಅಂತಾನೇ ಗೊತ್ತಾಗಲ್ಲ. ಹಗ್ಗ ಎಳೆದ್ರೆ ಅಲ್ಲಾಡಲ್ಲ, ಪೂರ್ತಿ ಜಾಮ್. ಒಬ್ಬ ಮೆಕ್ಯಾನಿಕ್ ಗುಜರಿಗೆ ಹಾಕ್ರಿ ಅಂದ, ಇನ್ನೊಬ್ಬ ಬೋರ್ ಮಾಡ್ಸಿ ಓವರ್‌ಸೈಜ್ ಪಿಸ್ಟನ್ ಹಾಕೋಣ ಅಂದ. ದಾವಣಗೆರೇಲಿ ಇದರ ಸ್ಪೇರ್ ಎಲ್ಲಿ ಸಿಗುತ್ತೆ?
(ಓದುಗರು, ಚನ್ನಗಿರಿ ತಾಲ್ಲೂಕು)

ಉತ್ತರ: ಇಬ್ರ ಮಾತೂ ಸದ್ಯಕ್ಕೆ ಕೇಳ್ಬೇಡ್ರಿ. ಅದ್ರಲ್ಲೂ ಬೋರ್ ಮಾಡ್ಸೋ ಮಾತು ಬೇಡ್ವೇ ಬೇಡ. ನಮ್ಮ ಕಡೆ ಟೂ ಸ್ಟ್ರೋಕ್ ಅಂದ ತಕ್ಷಣ ಎಲ್ರಿಗೂ ಆರ್‌ಎಕ್ಸ್ 100, ಯೆಜ್ಡಿ ನೆನಪಾಗ್ತಾವೆ, ಅವುಕ್ಕೆ ಒಳಗೆ ಬೀಡಿನ ಬೋರು, ಸವೆದ್ರೆ ಕೊರೆಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕ್ತಾರೆ, ಮತ್ತೆ ಕೊರೆಸ್ತಾರೆ. ಆದ್ರೆ ಚೈನ್ ಸಾದ ಸಿಲಿಂಡರ್ರು ಸಾಮಾನ್ಯವಾಗಿ ಅಲ್ಯೂಮಿನಿಯಂದು, ಒಳಗೆ ಕ್ರೋಮ್ ಇಲ್ಲಾ ನಿಕಲ್ ಸಿಲಿಕಾನ್ ಕಾರ್ಬೈಡ್‌ನ ತೆಳು ಲೇಪನ ಇರುತ್ತೆ ಅಷ್ಟೇ, ಕೂದಲೆಳೆ ದಪ್ಪ. ಅದನ್ನ ಕೊರೆದ್ರೆ ಕೆಳಗಿನ ಮೆತ್ತನೆ ಅಲ್ಯೂಮಿನಿಯಂ ಸಿಗುತ್ತೆ, ಅಲ್ಲಿಗೆ ಸಿಲಿಂಡರ್ ಕಥೆ ಮುಗೀತು.

ಮೊದ್ಲು ಮಿಷನ್ ಯಾವುದು ಅಂತ ಹಿಡೀಬೇಕು. ಸ್ಟಿಕ್ಕರ್ ಹೋದ್ರೇನಾತು, ಎರಕದಲ್ಲಿ ಬಂದ ನಂಬರ್ ಎಲ್ಲೂ ಹೋಗಲ್ಲ. ಬಾರ್ (ಚೈನ್ ಸುತ್ತೋ ಉದ್ದ ಪಟ್ಟಿ) ಕವರ್ ಬಿಚ್ಚಿ, ಸ್ಟಾರ್ಟರ್ ಕವರ್ ಬಿಚ್ಚಿ, ಏರ್ ಫಿಲ್ಟರ್ ತೆಗೆದು, ಸೀಮೆಎಣ್ಣೆ ಸಿಕ್ಕಿದ್ರೆ ಸರಿ ಇಲ್ಲಾಂದ್ರೆ ಡೀಸೆಲ್ಲು, ಹಳೇ ಟೂತ್ ಬ್ರಷ್ ತಗೊಂಡು ಉಜ್ಜಿ ನೋಡ್ರಿ. ಸ್ಟಿಲ್ ಕಂಪನಿದಾದ್ರೆ ಪಾರ್ಟ್ ನಂಬರಿನ ಮೊದಲ ನಾಲ್ಕು ಅಂಕಿನೇ ಮಿಷನ್ನಿನ ಮನೆತನ ಹೇಳುತ್ತೆ: 1106 ಅಂದ್ರೆ 070 ಮತ್ತು 090 ಮಾಡೆಲ್, 1110 ಅಂದ್ರೆ 041, 1119 ಅಂದ್ರೆ 038, 1128 ಅಂದ್ರೆ 044 ಮತ್ತು 046. ಎರಕದ ಮೇಲಿನ ನಂಬರ್ರು ಪೂರ್ತಿ ಪಾರ್ಟ್ ನಂಬರ್ ಆಗಿರಲ್ಲ, ಆದ್ರೂ ಮೊದಲ ನಾಲ್ಕು ಸಾಕು. ಹಸ್ಕ್‌ವಾರ್ನಾ ಕಂಪನಿದಾದ್ರೆ ಹಳೇ ಪಾರ್ಟುಗಳ ಮೇಲೆ 501, 503 ಅಂತ ಶುರುವಾಗೋ ನಂಬರ್ ಕಾಣ್ಸುತ್ತೆ. ದೊಡ್ಡ ಮಿಷನ್ನು, ಟಿಂಬರ್ ಕಂಟ್ರಾಕ್ಟರ್ ಇಟ್ಕೊಂಡಿದ್ದದ್ದು ಅಂತೀರಿ, 070 ಇದ್ರೂ ಇರಬಹುದು, ಅದು 106 ಸಿಸಿ, ಅದಾಗಿದ್ರೆ ಪುಣ್ಯ, ಅದಕ್ಕೆ ಡೂಪ್ಲಿಕೇಟ್ ಆದ್ರೂ ಎಲ್ಲಾ ಪಾರ್ಟೂ ಇವತ್ತಿಗೂ ಓಡಾಡ್ತಾವೆ.

ಈಗ ಜಾಮ್ ವಿಚಾರ. ಹಗ್ಗ ಜೋರಾಗಿ ಎಳೀಬೇಡ್ರಿ, ಸ್ಟಾರ್ಟರ್ ಪುಲ್ಲಿ ಒಡೆಯುತ್ತೆ, ಆಮೇಲೆ ಅದೊಂದು ಹುಡುಕಾಟ. ಪ್ಲಗ್ ಬಿಚ್ಚಿ ತೂತಿನಲ್ಲಿ ಎರಡು ಚಮಚ ಡೀಸೆಲ್ಲು, ಅದಕ್ಕೆ ಸ್ವಲ್ಪ ಟೂಟಿ (ಟೂ ಸ್ಟ್ರೋಕ್) ಆಯಿಲ್ ಸೇರ್ಸಿ ಬಿಟ್ಟು ಒಂದೆರಡು ದಿನ ಸುಮ್ನೆ ಇಡ್ರಿ. ಆಮೇಲೆ ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ಎಕ್ಸಾಸ್ಟ್ ತೂತಿನಲ್ಲಿ ಪಿಸ್ಟನ್ ಮುಖ ನೋಡ್ರಿ, ಪೂರ್ತಿ ಕಥೆ ಅಲ್ಲೇ ಬರೆದಿರುತ್ತೆ. ಎಕ್ಸಾಸ್ಟ್ ಕಡೆ ಮಾತ್ರ ಉದ್ದುದ್ದಕ್ಕೆ ಗೀರು ಬಿದ್ದಿದ್ರೆ ಪೆಟ್ರೋಲ್ ಸಾಲದೆ ಬಿಸಿಯಾಗಿ ಹಿಡ್ದಿದೆ ಅಂತ, ಎಲ್ಲೋ ಸೋರಿಕೆಯಿಂದ ಗಾಳಿ ಒಳಗೆ ಹೋಗ್ತಾ ಇತ್ತು. ಕಾರ್ಬೊರೇಟರ್ ಕಡೆ ಮಂಕಾಗಿ ಉಜ್ಜಿದಂಗೆ ಇದ್ರೆ ಏರ್ ಫಿಲ್ಟರ್ ದಾಟಿ ಧೂಳು ಹೋಗಿದೆ. ಸುತ್ತಲೂ ಗೀರಿದ್ರೆ ಯಾರೋ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡ್ಸಿದಾರೆ, ಇದು ಬಾಡಿಗೆಗೆ ಕೊಟ್ಟ ಮಿಷನ್‌ಗಳಲ್ಲಿ ಜಾಸ್ತಿ. ಗೀರೇ ಇಲ್ಲ, ತುಕ್ಕು ಕಾಣ್ತಾ ಇದೆ ಅಂದ್ರೆ ಬರೀ ಇಟ್ಟಿಟ್ಟು ಬೇರಿಂಗೋ ರಿಂಗೋ ಹಿಡ್ಕೊಂಡಿರಬಹುದು, ಖರ್ಚು ಕಮ್ಮಿ.

ಸಿಲಿಂಡರ್ ಬಿಚ್ಚಿದ ಮೇಲೆ ಒಳಗೆ ಉಗುರಿನಿಂದ ಗೀರಿ ನೋಡ್ರಿ. ಉಗುರು ಹಳ್ಳಕ್ಕೆ ಸಿಕ್ಕಂಗಾದ್ರೆ ಲೇಪನ ಹೋಗಿದೆ, ಉಬ್ಬಿದಂಗೆ ಸಿಕ್ರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಮೆತ್ಕೊಂಡಿದ್ದು, ತೆಗೀಬಹುದು. ನಿಕಲ್ ಲೇಪನ ಆದ್ರೆ ಹತ್ತಿ ಕಡ್ಡೀಲಿ ಮುರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಒಂಚೂರು ಅಲ್ಯೂಮಿನಿಯಂ ಮೇಲಷ್ಟೇ ಮುಟ್ಟಿಸಿ, ಬುಸ್ಸೆನ್ನೋದು ನಿಂತ ಮೇಲೆ ತೊಳೆದು ಮತ್ತೆ. ಹಳೇ ಕ್ರೋಮ್ ಬೋರಿಗೆ ಆಸಿಡ್ ಬೇಡ, ಅದು ಕ್ರೋಮನ್ನೂ ತಿನ್ನುತ್ತೆ, ಅದಕ್ಕೆ ಕಾಸ್ಟಿಕ್ ಸೋಡಾ ನೀರು. ಯಾವುದಾದ್ರೂ ಪೋರ್ಟ್ ಒಳಗೆ ಸುರೀಬೇಡ್ರಿ, ಅಲ್ಲಿ ಲೇಪನ ಇರಲ್ಲ. ಬಯಲಲ್ಲಿ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕ್ಕೊಂಡು ಮಾಡ್ರಿ, ಅಡಿಗೆಮನೆ ಸಿಂಕಲ್ಲಿ ಅಲ್ಲ.

ಮುಖ್ಯ ಮಾತು ಈಗ ಬಂತು. ಸೀಜ್ ಅಂದ್ರೆ ಜಾಮ್ ಆಗಿದ್ದಕ್ಕೆ ಕಾರಣ ಹಿಡೀದೆ ಹೊಸ ಪಿಸ್ಟನ್ ಹಾಕಿದ್ರೆ ಅದೂ ಅದೇ ದಾರಿ ಹಿಡಿಯುತ್ತೆ. ಹಳೇ ಮಿಷನ್ನಲ್ಲಿ ಕಳ್ಳ ಯಾವಾಗ್ಲೂ ರಬ್ಬರೇ: ಕ್ರ್ಯಾಂಕಿನ ಎರಡು ಕಡೆ ಆಯಿಲ್ ಸೀಲು, ಕಾರ್ಬೊರೇಟರಿಗೂ ಸಿಲಿಂಡರಿಗೂ ಮಧ್ಯೆ ಇರೋ ಬೂಟು, ಪೆಟ್ರೋಲ್ ಪೈಪು. ಇದನ್ನ ಮನೇಲೇ ಚೆಕ್ ಮಾಡಬಹುದು. ಎಕ್ಸಾಸ್ಟು ಮತ್ತು ಇನ್‌ಟೇಕ್ ಎರಡಕ್ಕೂ ಹಳೇ ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಒಳಗೆ ಕೊಟ್ಟು ನಟ್ ಬಿಗಿ ಮಾಡ್ರಿ, ಪಿಸ್ಟನ್ ಕೆಳಗೆ ಇಳಿಸಿ, ಹಳೇ ಪ್ಲಗ್ಗಿನ ಒಳಗಿನ ಪಿಂಗಾಣಿ ಒಡೆದು ತೆಗೆದು ಅದಕ್ಕೆ ಟ್ಯೂಬಿನ ವಾಲ್ವ್ ಕೂರ್ಸಿ ಅರ್ಧ ಬಾರ್ ಒತ್ತಡ ಅಂದ್ರೆ ಸುಮಾರು 7 ಪಿಎಸ್ಐ ಗಾಳಿ ಹೊಡೀರಿ, ಜಾಸ್ತಿ ಬೇಡ, ಸೀಲು ಹೊರಗೆ ಬರುತ್ತೆ. ಸೋಪಿನ ನೀರು ಹಚ್ಚಿದ್ರೆ ಸೋರೋ ಕಡೆ ಗುಳ್ಳೆ ಬರ್ತಾವೆ. ಫ್ಲೈವೀಲ್ ಹಿಂದಿನ ಸೀಲ್ ಹತ್ರ ಸಣ್ಣ ಸಣ್ಣ ಗುಳ್ಳೆ ಏಳೋದು ಒಂದು ಸಲ ನೋಡಿದ್ರೆ ಸಾಕು, ಇಷ್ಟು ವರ್ಷ ಯಾಕೆ ಈ ಮಿಷನ್ ಐಡ್ಲಿಂಗ್‌ನಲ್ಲಿ ಕಿರುಚ್ತಾ ಇತ್ತು ಅಂತ ಅರ್ಥ ಆಗುತ್ತೆ.

ಇನ್ನು ಸ್ಪೇರು. ಅಂಗಡಿಗೆ ಹೋಗಿ ಹಳೇ ಚೈನ್ ಸಾ ಪಾರ್ಟ್ ಐತಾ ಅಂತ ಕೇಳಿದ್ರೆ ಇಲ್ಲ ಅಂತಾರೆ, ಯಾಕಂದ್ರೆ ಅವರಿಗೆ ಗೊತ್ತಿರೋದು ನಂಬರ್ರು. ಬೇರಿಂಗ್ ತೆಗೆದು ಅದರ ಮೇಲೆ ಓದ್ರಿ. 6202 ಇದ್ರೆ ಒಳಗೆ 15, ಹೊರಗೆ 35, ಅಗಲ 11 ಎಂಎಂ. 6203 ಇದ್ರೆ 17, 40, 12. ಇವು ಮೋಟರಲ್ಲಿ, ಪಂಪಲ್ಲಿ ಎಲ್ಲಾ ಕಡೆ ಇರೋ ಸೈಜು, ಹತ್ತಿ ಗಿರಣಿ ಅಕ್ಕಿ ಗಿರಣಿ ನಡೆಸಿದ ದಾವಣಗೆರೇಲಿ ಬೇರಿಂಗಿಗೆ ಯಾವತ್ತೂ ಬರ ಇಲ್ಲ. ಕೇಳುವಾಗ ಸಿ3 ಅಂತ ಒತ್ತಿ ಕೇಳ್ರಿ, ಅಂದ್ರೆ ಒಳಗೆ ಸ್ವಲ್ಪ ಸಡಿಲ ಜಾಸ್ತಿ ಇರೋದು, ಬಿಸಿಯಾಗೋ ಇಂಜಿನ್ನಿಗೆ ಅದೇ ಬೇಕು, ಒಳ್ಳೆ ಬ್ರ್ಯಾಂಡಿಂದೇ ತಗೊಳ್ರಿ. ಆಯಿಲ್ ಸೀಲೂ ಹಂಗೇ, ವರ್ನಿಯರ್ ಹಿಡಿದು ಒಳ, ಹೊರ, ದಪ್ಪ ಅಂತ ಮೂರು ಅಳತೆ ಬರ್ಕೊಂಡು ಹೋಗಿ, ಪೆಟ್ರೋಲ್ ತಡೆಯೋ ರಬ್ಬರ್ ಅಂತ ಹೇಳ್ರಿ. ಕಾರ್ಬೊರೇಟರ್ ಕಿಟ್ಟಿಗೆ ಮಿಷನ್ ಹೆಸ್ರು ಬೇಡ್ವೇ ಬೇಡ, ಕಾರ್ಬೊರೇಟರ್ ಮೈಮೇಲೆ ವಾಲ್ಬ್ರೋ ಅಥವಾ ಟಿಲಟ್ಸನ್ ಅಂತಲೂ ಎಚ್‌ಎಸ್, ಎಚ್‌ಎಲ್ ಥರ ಅಕ್ಷರನೂ ಇರುತ್ತೆ, ಫೋಟೋ ತೆಗ್ದು ಕಳ್ಸಿ. ಪಿಸ್ಟನ್ನು, ಸಿಲಿಂಡರ್ ಕಿಟ್ಟು, ಕ್ಲಚ್ಚು ಇಂಥವಕ್ಕೆ ಮಾತ್ರ ಮಿಷನ್ ನಂಬರ್ ಹಿಡ್ಕೊಂಡು ಶಿವಮೊಗ್ಗ ಕಡೆ ಹೋಗ್ರಿ, ಮಲೆನಾಡಲ್ಲಿ ಈ ಮಿಷನ್ ಬಳಕೆ ಜಾಸ್ತಿ, ರಿಪೇರಿ ಮಾಡೋರ ಹತ್ರ ಸತ್ತ ಮಿಷನ್‌ಗಳ ರಾಶಿನೇ ಇರುತ್ತೆ, ಹೊಸ ಡೂಪ್ಲಿಕೇಟಿಗಿಂತ ಆ ರಾಶೀಲಿ ಸಿಗೋ ಹಳೇ ಒರಿಜಿನಲ್ಲು ಎಷ್ಟೋ ವಾಸಿ. ಡೂಪ್ಲಿಕೇಟ್ ಪಿಸ್ಟನ್ ಹಾಕೋದೇ ಆದ್ರೆ ಅದರ ಜೊತೆ ಬರೋ ಪಿನ್ ಲಾಕು, ಬೇರಿಂಗು ಮಾತ್ರ ಬಿಸಾಕಿ ಒಳ್ಳೇದು ಹಾಕ್ರಿ. ಆ ಪುಟ್ಟ ತಂತಿ ಲಾಕು ಜಾರಿದ್ರೆ ಸಿಲಿಂಡರಿಗೆ ಹಳ್ಳ ಬೀಳೋಕೆ ಅರ್ಧ ನಿಮಿಷ ಸಾಕು.

ಒಂದು ಮರೆತಿದ್ದೆ, ಕ್ಲಚ್ ಬಿಚ್ಚುವಾಗ ಬಹುತೇಕ ಮಿಷನ್ನಲ್ಲಿ ಎಡಮರೆ (ಉಲ್ಟಾ ಥ್ರೆಡ್) ಇರುತ್ತೆ, ಇಂಜಿನ್ ತಿರುಗೋ ಕಡೆಗೇ ತಿರುಗಿಸಿದ್ರೆ ಬಿಚ್ಚುತ್ತೆ. ಪಿಸ್ಟನ್ ತಡೆಯೋಕೆ ಕಬ್ಬಿಣ ತುರುಕಬೇಡ್ರಿ, ಪ್ಲಗ್ ತೂತಿನಲ್ಲಿ ಹಗ್ಗ ಸುರುಳಿ ಮಾಡಿ ತುಂಬಿ.

ಪ್ರಶ್ನೆ: ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಆಯಿಲ್? ಒಬ್ಬೊಬ್ರು ಒಂದೊಂದು ಹೇಳ್ತಾರೆ. ಮತ್ತೆ ಈಗಿನ ಪೆಟ್ರೋಲ್ ಹಳೇ ಮಿಷನ್ನಿಗೆ ಆಗಲ್ಲ ಅಂತಾರೆ, ನಿಜನಾ? ಬಾರಿಗೆ ಗಾಡಿಯಿಂದ ತೆಗೆದ ಸುಟ್ಟ ಆಯಿಲ್ ಹಾಕ್ತಾ ಇದೀನಿ.
(ಓದುಗರು, ಹೊಸದುರ್ಗ)

ಉತ್ತರ: ಕಿಡಿ ಹಾರಿಸೋಕೆ ಪಾಯಿಂಟ್ ಸೆಟ್ ಇರೋ ಕಾಲದ ಮಿಷನ್ನಿಗೆ ಲೀಟರಿಗೆ 40 ಎಂಎಲ್, ಅಂದ್ರೆ ಇಪ್ಪತ್ತೈದಕ್ಕೆ ಒಂದು. ಈಚಿನ ಮಿಷನ್ನಿಗೆ ಒಳ್ಳೆ ಆಯಿಲ್ ಹಾಕಿದ್ರೆ 20 ಎಂಎಲ್, ಐವತ್ತಕ್ಕೆ ಒಂದು. ಇಬ್ರೂ ಸರಿ ಹೇಳಿದಾರೆ, ಬೇರೆ ಬೇರೆ ಮಿಷನ್ ನೋಡಿ ಹೇಳಿದಾರೆ ಅಷ್ಟೇ. ಗಾಳಿ ತಣಿಸೋ ಟೂ ಸ್ಟ್ರೋಕಿನ ಆಯಿಲ್ಲೇ ಆಗ್ಬೇಕು, ಬೈಕಿನ ಫೋರ್ ಸ್ಟ್ರೋಕ್ ಆಯಿಲ್ ಹಾಕಿದ್ರೆ ಪೋರ್ಟ್ ತುಂಬಾ ಮಸಿ ಕಟ್ಟುತ್ತೆ.

ಪೆಟ್ರೋಲ್ ವಿಚಾರ ನಿಜ. ಈಗ ಬಂಕಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತರವರೆಗೂ ಎಥನಾಲ್ ಇರುತ್ತೆ. ಎಥನಾಲ್ ಗಾಳಿಯಲ್ಲಿರೋ ನೀರು ಎಳ್ಕೊಳ್ಳುತ್ತೆ, ಹಳೇ ಕಾಲದ ರಬ್ಬರ್ ಪೈಪು, ಡಯಾಫ್ರಂ ಇವನ್ನ ಮೆತ್ತಗೋ ಬಿರುಸೋ ಮಾಡಿ ಹಾಳು ಮಾಡುತ್ತೆ. ಅದಕ್ಕೆ ಹೆದರಿ ಮಿಷನ್ ಮೂಲೆಗೆ ಹಾಕ್ಬೇಡ್ರಿ, ಪೈಪು ಮತ್ತು ಕಿಟ್ಟು ಹೊಸದು ಹಾಕಿ, ಬೆರೆಸಿದ ಪೆಟ್ರೋಲ್ ಒಂದು ತಿಂಗಳಿಗಿಂತ ಜಾಸ್ತಿ ಇಡ್ಬೇಡ್ರಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ತಾನಾಗೇ ನಿಲ್ಲೋವರೆಗೂ ಓಡ್ಸಿ ಇಡ್ರಿ. ಎಥನಾಲಿಂದ ಮಿಶ್ರಣ ಸ್ವಲ್ಪ ತೆಳು ಆಗುತ್ತೆ, ಹಂಗಾಗಿ ಕಾರ್ಬೊರೇಟರಿನ ಎಚ್ ಸ್ಕ್ರೂ (ಪೂರ್ತಿ ಸ್ಪೀಡಲ್ಲಿ ಪೆಟ್ರೋಲ್ ಎಷ್ಟು ಅಂತ ಹೊಂದಿಸೋದು) ಒಂಚೂರು ಬಿಚ್ಚಿ ಹೊಂದಿಸ್ಕೊಳ್ರಿ.

ಸುಟ್ಟ ಆಯಿಲ್ ಬೇಡ ಕಣ್ರೀ. ಅದ್ರಲ್ಲಿ ಕಬ್ಬಿಣದ ಪುಡಿ ಇರುತ್ತೆ, ಪಂಪು ಸವೆಯುತ್ತೆ, ಮೈಕೈಗೆಲ್ಲಾ ಸಿಡಿಯುತ್ತೆ, ಚರ್ಮಕ್ಕೂ ಕೆಟ್ಟದ್ದು.

ಪ್ರಶ್ನೆ: ಹುಣಸೆ ದಿಮ್ಮಿ ಕೊಯ್ಯೋಕೆ ಇಟ್ರೆ ಚೈನು ಓರೆ ಹೋಗುತ್ತೆ, ಬಿಲ್ಲಿನಂಗೆ ಕೊಯ್ಯುತ್ತೆ, ಹೊಗೆ ಬರುತ್ತೆ. ಹೊಸ ಚೈನ್ ಕೇಳಿದ್ರೆ ಸೈಜ್ ಹೇಳ್ರಿ ಅಂತಾರೆ. ನಾನು 22 ಇಂಚು ಅಂದೆ, ತಂದು ಹಾಕಿದ್ರೆ ಕೂರ್ಲಿಲ್ಲ.
(ಓದುಗರು, ಹಿರಿಯೂರು)

ಉತ್ತರ: ಇಂಚು ಅನ್ನೋದು ಬಾರಿನ ಉದ್ದ, ಚೈನಿಂದಲ್ಲ. ಚೈನಿಗೆ ಮೂರು ಲೆಕ್ಕ ಬೇಕು. ಒಂದು ಪಿಚ್ಚು: ಒಂದಾದ ಮೇಲೊಂದು ಬರೋ ಮೂರು ರಿವೆಟ್ಟಿನ ಮಧ್ಯದಿಂದ ಮಧ್ಯಕ್ಕೆ ಅಳೆದು ಎರಡರಿಂದ ಭಾಗಿಸಿದ್ರೆ 9.5 ಎಂಎಂ ಬಂದ್ರೆ ಅದು 3/8, 10.26 ಬಂದ್ರೆ .404, 8.25 ಬಂದ್ರೆ .325. ಎರಡನೇದು ಬಾರಿನ ಸೀಳಿನೊಳಗೆ ಓಡೋ ಹಲ್ಲಿನ ದಪ್ಪ, 1.3 ಅಥವಾ 1.5 ಅಥವಾ 1.6 ಎಂಎಂ. ಮೂರನೇದು ಆ ಕೆಳಗಿನ ಹಲ್ಲು ಒಟ್ಟು ಎಷ್ಟು ಅಂತ ಎಣಿಕೆ, ಹಳೇ ಚೈನ್ ನೆಲದ ಮೇಲೆ ಹಾಕಿ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸ್ರಿ. ಈ ಮೂರು ಚೀಟೀಲಿ ಬರ್ಕೊಂಡು ಹೋದ್ರೆ ರೋಲಿಂದ ಕತ್ತರಿಸಿ ರಿವೆಟ್ ಹೊಡೆದು ಕೊಡೋ ಅಂಗಡಿಯೋರೂ ಇದಾರೆ.

ಓರೆ ಹೋಗೋದಕ್ಕೆ ಕಾರಣ ಹೆಚ್ಚಾಗಿ ಅರ ಹಾಕೋದ್ರಲ್ಲಿ ಇರುತ್ತೆ. ಬಲಗೈಯೋರು ಒಂದು ಕಡೆ ಹಲ್ಲಿಗೆ ಒತ್ತಿ ಉಜ್ತಾರೆ, ಇನ್ನೊಂದು ಕಡೆ ಹಗುರ, ಹಂಗಾಗಿ ಎಡದ ಹಲ್ಲು ಬಲದ ಹಲ್ಲು ಉದ್ದ ಬೇರೆ ಆಗಿ ಚೈನು ಚೂಪಿರೋ ಕಡೆ ಎಳ್ಕೊಂಡು ಹೋಗುತ್ತೆ. ಅತೀ ಸಣ್ಣ ಹಲ್ಲು ಯಾವುದು ನೋಡಿ, ಎಲ್ಲಾನೂ ಅದರ ಉದ್ದಕ್ಕೆ ತನ್ನಿ. 3/8 ಚೈನಿಗೆ 5.2 ಅಥವಾ 5.5 ಎಂಎಂ ಗುಂಡು ಅರ, ಕೋನ 30 ಡಿಗ್ರಿ ಸುಮಾರು, ಹುಣಸೆಯಂಥ ಬಿರುಸು ಮರಕ್ಕೆ 25ಕ್ಕೆ ಇಳಿಸಿದ್ರೆ ಚೂಪು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೆ. ಹಲ್ಲಿನ ಮುಂದೆ ಇರೋ ಗುಬ್ಬಿ ಐತಲ್ಲ, ಅದು ಹಲ್ಲಿಗಿಂತ 0.65 ಎಂಎಂ ಕೆಳಗಿರ್ಬೇಕು, ಅದನ್ನ ಯಾರೂ ಮುಟ್ಟೋದೇ ಇಲ್ಲ, ಆಮೇಲೆ ಹೊಟ್ಟು ಬದಲು ಹೊಗೆ ಬರುತ್ತೆ ಅಂತಾರೆ. ಬಾರನ್ನೂ ನೋಡ್ರಿ, ಎರಡು ಅಂಚು ಒಂದೇ ಎತ್ತರ ಇಲ್ದಿದ್ರೆ ಚಪ್ಪಟೆ ಅರದಿಂದ ಸಮ ಮಾಡಿ, ಪ್ರತಿ ಸಲ ಚೈನ್ ಬದ್ಲಾಯಿಸುವಾಗ ಬಾರ್ ಮಗುಚಿ ಹಾಕಿ. ಸ್ಪ್ರಾಕೆಟ್ಟಿನಲ್ಲಿ ಗುಳಿ ಬಿದ್ದಿದ್ರೆ ಹೊಸ ಚೈನ್ ಹಾಕೋದೇ ದಂಡ.

ಅಂದಹಾಗೆ ಈ ಕೊಕ್ಕೆ ಥರದ ಹಲ್ಲು ಹುಟ್ಟಿದ್ದು ಅಮೆರಿಕದ ಆರಿಗನ್‌ನಲ್ಲಿ. ಜೋಸೆಫ್ ಕಾಕ್ಸ್ ಅನ್ನೋ ಮರ ಕಡಿಯೋನು 1946ರಲ್ಲಿ ಮರ ಕೊರೆಯೋ ಹುಳ ತನ್ನ ದವಡೆಯಿಂದ ಎಡಕ್ಕೂ ಬಲಕ್ಕೂ ತಿಂತಾ ಹೋಗೋದು ನೋಡಿ ಅದೇ ಥರ ಹಲ್ಲು ಮಾಡಿದ. ಇವತ್ತಿನ ಚೈನಲ್ಲಿ ಎಡ ಬಲ ಹಲ್ಲು ಒಂದು ಬಿಟ್ಟು ಒಂದು ಇರೋದು ಅದಕ್ಕೇ. ಹುಣಸೆ ಮರದ ವಿಚಾರಕ್ಕೆ ಬಂದ್ರೆ, ರೋಡ್ ಪಕ್ಕದ್ದು, ಊರ ಮುಂದಿಂದು ಆದ್ರೆ ಒಳಗೆ ಮೊಳೆ ಇರೋದು ಗ್ಯಾರಂಟಿ, ತೊಗಟೆ ಮಣ್ಣು ಕೊಡ್ಲೀಲಿ ಕೆರೆದು ಆಮೇಲೆ ಮಿಷನ್ ಇಡ್ರಿ.

ಪ್ರಶ್ನೆ: ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತೆ, ಕಾಲು ಗಂಟೆ ಕೊಯ್ದ ಮೇಲೆ ನಿಲ್ಲುತ್ತೆ, ಪೂರ್ತಿ ತಣ್ಣಗಾಗೋವರೆಗೂ ಏನು ಮಾಡಿದ್ರೂ ಹತ್ತಲ್ಲ.
(ಓದುಗರು, ಹೊಳಲ್ಕೆರೆ)

ಉತ್ತರ: ನಿಂತ ತಕ್ಷಣ ಮೊದ್ಲು ಪೆಟ್ರೋಲ್ ಮುಚ್ಚಳ ಸಡಿಲ ಮಾಡ್ರಿ. ಸುಯ್ ಅಂತ ಗಾಳಿ ಒಳಗೆ ಎಳ್ಕೊಂಡ್ರೆ ಟ್ಯಾಂಕಿನ ಗಾಳಿ ತೂತು ಕಟ್ಟಿದೆ, ಕಾಸು ಖರ್ಚಿಲ್ಲ. ಇಲ್ಲ ಅಂದ್ರೆ ಬಿಸಿ ಇರುವಾಗ್ಲೇ ಪ್ಲಗ್ ಬಿಚ್ಚಿ ಮಿಷನ್ನಿನ ಲೋಹದ ಮೈಗೆ ತಾಗಿಸಿ ಹಿಡಿದು ಕಿಡಿ ನೋಡ್ರಿ, ಪ್ಲಗ್ ತೂತಿಂದ ಪೆಟ್ರೋಲ್ ಆವಿ ಬರುತ್ತೆ, ಹಂಗಾಗಿ ದೂರ ಹಿಡೀರಿ. ತಣ್ಣಗಿದ್ದಾಗ ನೀಲಿ ಕಿಡಿ, ಬಿಸಿಯಾದಾಗ ಇಲ್ಲ ಅಥವಾ ಹಳದಿ ಅಂದ್ರೆ ಕಾಯಿಲ್ ಇಲ್ಲಾ ಕಂಡೆನ್ಸರ್. ಪಾಯಿಂಟ್ ಇರೋ ಮಿಷನ್ ಆದ್ರೆ ನಿಮ್ಮೂರಿನ ಹಳೇ ಯೆಜ್ಡಿ ಮೆಕ್ಯಾನಿಕ್ ಹತ್ರ ಹೋಗ್ರಿ, ಅವರಿಗೆ ಇದು ಎಡಗೈ ಕೆಲಸ: ಪಾಯಿಂಟ್ ತುದಿ ಸಣ್ಣ ಎಮ್ರಿಯಿಂದ ಒರೆಸಿ ಗ್ಯಾಪು 0.35ರಿಂದ 0.4 ಎಂಎಂ, ಪ್ಲಗ್ಗಿಗೆ 0.5. ಕಾಯಿಲ್ಲಿಗೂ ಫ್ಲೈವೀಲಿಗೂ ಮಧ್ಯೆ ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿದ್ರೆ ಆತು. ಕಂಡೆನ್ಸರ್ ಸಿಗ್ಲಿಲ್ಲ ಅಂದ್ರೆ ಪಾಯಿಂಟು ಕಂಡೆನ್ಸರ್ ಎರಡೂ ತೆಗೆದು ಆ ಜಾಗಕ್ಕೆ ಹಾಕೋ ಪುಟ್ಟ ಎಲೆಕ್ಟ್ರಾನಿಕ್ ಮಾಡ್ಯೂಲ್ ಬರುತ್ತೆ, ಆನ್‌ಲೈನಲ್ಲಿ ತರಿಸಬಹುದು. ಕಿಡಿ ಚೆನ್ನಾಗಿದ್ರೆ ಕಂಪ್ರೆಷನ್ ನೋಡ್ಸಿ, ಬಿಸಿಯಾದ ಮೇಲೆ ಹಗ್ಗ ಹಗುರ ಆಗ್ತಾ ಇದ್ರೆ ರಿಂಗು ಮುಗಿದಿದೆ.

ಪ್ರಶ್ನೆ: ನಾನು ಲೇತ್ ಮೇಲೆ ಕೆಲಸ ಮಾಡಿ ರಿಟೈರ್ ಆದೋನು, ಮನೇಲಿ ಸಣ್ಣ ಲೇತ್ ಇದೆ. ಹಳೇ ಚೈನ್ ಸಾಗೆ ಸಿಗದಿರೋ ಪಾರ್ಟ್ ನಾನೇ ಮಾಡ್ಬಹುದಾ?
(ಓದುಗರು, ಹರಿಹರ)

ಉತ್ತರ: ಮೈಸೂರು ಕಿರ್ಲೋಸ್ಕರ್ ಲೇತ್ ಹುಟ್ಟಿದ ಊರಿನೋರಿಗೆ ನಾನೇನು ಹೇಳ್ಲಿ! ಬಾರ್ ಸ್ಟಡ್ಡು, ನಟ್ಟು, ಹ್ಯಾಂಡಲ್ ಬುಷ್ಷು, ಸ್ಪೇಸರ್ರು, ಸೀಲ್ ಒತ್ತೋ ಡ್ರಿಫ್ಟು, ಫ್ಲೈವೀಲ್ ಪುಲ್ಲರ್ರು ಇವೆಲ್ಲಾ ಆರಾಮಾಗಿ ಮಾಡ್ರಿ. ಪಿಸ್ಟನ್ನು, ಕನೆಕ್ಟಿಂಗ್ ರಾಡು, ಕ್ಲಚ್ ಡ್ರಮ್ಮು ಮಾಡಕ್ಕೆ ಹೋಗ್ಬೇಡ್ರಿ, ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗೋ ಜಾಗ ಅದು, ಒಡೆದ್ರೆ ಯಾರ ಹೊಟ್ಟೆಗೆ ಬರುತ್ತೋ ಗೊತ್ತಿಲ್ಲ. ಇನ್ನೊಂದು, ಬಹಳಷ್ಟು ಚೈನ್ ಸಾದ ಕ್ರ್ಯಾಂಕ್‌ಕೇಸು ನೋಡೋಕೆ ಅಲ್ಯೂಮಿನಿಯಂ ಥರ ಇದ್ರೂ ಮೆಗ್ನೀಷಿಯಂದು. ಕಿತ್ತ ಸ್ಟಡ್ ತೂತಿಗೆ ಡ್ರಿಲ್ ಹಾಕುವಾಗ ಸಣ್ಣ ಚೂರು ಕಿಡಿಗೆ ಹತ್ಕೊಳ್ಳುತ್ತೆ, ಹತ್ಕೊಂಡ್ರೆ ನೀರು ಸುರೀಬೇಡ್ರಿ, ಇನ್ನೂ ಜೋರಾಗುತ್ತೆ, ಒಣ ಮರಳು ಪಕ್ಕದಲ್ಲೇ ಇಟ್ಕೊಳ್ರಿ. ನಿಧಾನ ಸ್ಪೀಡು, ಚೂಪು ಡ್ರಿಲ್ಲು, ಆಮೇಲೆ ಹೆಲಿಕಾಯಿಲ್ (ಹೊಸ ಮರೆ ಕೊಡೋ ತಂತಿ ಸುರುಳಿ) ಹಾಕಿ. ಅದಕ್ಕೆ ವೆಲ್ಡಿಂಗ್ ಅಂತ ಯಾರಾದ್ರೂ ಹೇಳಿದ್ರೆ ಮೆಗ್ನೀಷಿಯಂ ಗೊತ್ತಿರೋ ಟಿಗ್ ವೆಲ್ಡರ್ ಆದ್ರೆ ಮಾತ್ರ.

ಪ್ರಶ್ನೆ: ಸ್ವಂತ ಹೊಲದ ಬೇವಿನ ಮರ ಕೊಯ್ಯೋಕೂ ಪರ್ಮಿಷನ್ ಬೇಕಾ?
(ಓದುಗರು, ಚಳ್ಳಕೆರೆ)

ಉತ್ತರ: ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ವೃಕ್ಷಾಧಿಕಾರಿಗೆ ಅರ್ಜಿ ಹಾಕ್ಬೇಕು. ನೀಲಗಿರಿ, ಸರ್ವೆ, ಸುಬಾಬುಲ್, ತೆಂಗು ಇಂಥ ಕೆಲವಕ್ಕೆ ವಿನಾಯಿತಿ ಐತೆ, ಬೇವು ಅದ್ರಲ್ಲಿ ಇಲ್ಲ. ಕೊಯ್ಯೋ ಮುಂಚೆ ನಿಮ್ಮ ರೇಂಜ್ ಆಫೀಸಲ್ಲಿ ಒಂದು ಮಾತು ಕೇಳ್ರಿ.

ಪ್ರಶ್ನೆ: ಹಳೇದು ರಿಪೇರಿ ಮಾಡ್ಸೋದಾ, ಹೊಸದು ತಗೊಳ್ಳೋದಾ? ತೋಟದ ಕೆಲಸ ಅಷ್ಟೇ, ವರ್ಷಕ್ಕೆ ಎರಡು ಮೂರು ಸಲ.
(ಓದುಗರು, ಜಗಳೂರು)

ಉತ್ತರ: ನಿಮ್ಮ ಕೆಲಸಕ್ಕೆ 45 ಸಿಸಿ ಸುತ್ತಮುತ್ತಲಿನ ಹೊಸ ಮಿಷನ್ ಸಾಕು. ಹಳೇದು ಇಷ್ಟ ಇದ್ದು ಕೈ ಹಾಕೋಕೆ ಟೈಮ್ ಇದ್ರೆ ಮಾಡ್ಸಿ, ಬರೀ ದುಡ್ಡು ಉಳಿಸೋಕೆ ಅಂದ್ರೆ ಉಳಿಯಲ್ಲ. ಇನ್ನೊಂದು ಕಾರಣನೂ ಐತೆ. ಚೈನನ್ನ ತಕ್ಷಣ ನಿಲ್ಲಿಸೋ ಚೈನ್ ಬ್ರೇಕ್ ಬಂದಿದ್ದೇ 1970ರ ದಶಕದಲ್ಲಿ, ಅದಕ್ಕೂ ಮುಂಚಿನ ಡಿಸೈನಿನ ಮಿಷನ್ನಲ್ಲಿ ಬಾರಿನ ಮೂತಿ ಮೇಲ್ಭಾಗ ಯಾವುದಕ್ಕಾದ್ರೂ ತಾಗಿದ್ರೆ ಬಾರು ಮುಖದ ಕಡೆ ಎಗರುತ್ತೆ, ತಡೆಯೋಕೆ ಏನೂ ಇರಲ್ಲ. ನಿಮ್ಮ ಹತ್ರ ಇರೋದಕ್ಕೆ ಮುಂದಿನ ಹಿಡಿ ಹತ್ರ ಕೈ ಗಾರ್ಡೂ ಬ್ರೇಕೂ ಇಲ್ಲ ಅಂದ್ರೆ ಅದನ್ನ ನೆಲದ ಮೇಲೆ ಬಿದ್ದ ದಿಮ್ಮಿಗೆ ಮಾತ್ರ ಇಟ್ಕೊಳ್ರಿ, ಕೂಲಿಯೋರ ಕೈಗೆ ಕೊಟ್ಟು ಮರ ಹತ್ತಿಸ್ಬೇಡ್ರಿ.